ಮನೆಯ ಇಂಕ್‌ಜೆಟ್‌ಗೆ ಕಂಪನಿ ಇಂಕೋ, ಹೊರಗಿನ ಇಂಕೋ: ತಕ್ಕಡಿ ಹಿಡಿದು ಮಾಡಿದ ಒಂದು ಹೋಲಿಕೆ

ಪ್ರಿಂಟರಿನ ಹೊಸ ಕಪ್ಪು ಕಾರ್ಟ್ರಿಜ್ (ಇಂಕಿನ ಡಬ್ಬಿ) ಅನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟಾಗ ಅದು 41 ಗ್ರಾಂ ತೂಗಿತು. ಪ್ರಿಂಟರು ‘ಇಂಕು ಮುಗಿದಿದೆ’ ಎಂದು ಕೆಂಪು ದೀಪ ಮಿನುಗಿಸಿದ ದಿನ ಅದೇ ಕಾರ್ಟ್ರಿಜ್ 34 ಗ್ರಾಂ ಇತ್ತು. ಅಂದರೆ 850 ರೂಪಾಯಿ ಕೊಟ್ಟು ನಾನು ತಂದದ್ದು ಏಳು ಗ್ರಾಂ ಇಂಕು. ಉಳಿದದ್ದೆಲ್ಲ ಪ್ಲಾಸ್ಟಿಕ್ಕು, ಒಂದಿಷ್ಟು ಸ್ಪಂಜು ಮತ್ತು ತಳದಲ್ಲಿ ಅಂಟಿಕೊಂಡು ಇಂಕನ್ನು ಕಾಗದಕ್ಕೆ ಚಿಮ್ಮಿಸುವ ಪ್ರಿಂಟ್ ಹೆಡ್. ಹೊರಗಿನ, ಅಂದರೆ ಪ್ರಿಂಟರ್ ಕಂಪನಿಯದಲ್ಲದ, ಇಂಕನ್ನು ಪರೀಕ್ಷಿಸಿ ನೋಡಲೇಬೇಕೆಂದು ನಿರ್ಧರಿಸಿದ್ದು ಆ ದಿನವೇ.

ಶಿವಮೊಗ್ಗದ ನಮ್ಮ ಮನೆಯಲ್ಲಿ ತಿಂಗಳಿಗೆ ನೂರು, ನೂರಿಪ್ಪತ್ತು ಪುಟ ಮುದ್ರಣವಾಗುತ್ತದೆ. ಮಕ್ಕಳ ಶಾಲೆಯ ಪ್ರಾಜೆಕ್ಟು, ಆಧಾರ್ ಪ್ರತಿ, ಊರಿನ ಜಮೀನಿನ ಪಹಣಿ, ಹೆಂಡತಿ ಮನೆಪಾಠದ ಮಕ್ಕಳಿಗೆ ಸಿದ್ಧಪಡಿಸುವ ಪ್ರಶ್ನೆಪತ್ರಿಕೆ, ಹೀಗೆ ಹೆಚ್ಚಿನದು ಕಪ್ಪಕ್ಷರವೇ. ಒಂದೇ ಪ್ರಿಂಟರಿನಲ್ಲಿ, ಒಂದೇ 75 ಜಿಎಸ್ಎಂ ಕಾಗದದ ಮೇಲೆ, ಪುಟ ಎಣಿಸುತ್ತ ನಾಲ್ಕು ದಾರಿಗಳನ್ನು ಹೋಲಿಸಿದೆ: ಕಂಪನಿಯ ಹೊಸ ಕಾರ್ಟ್ರಿಜ್, ಅಂಗಡಿಯ ರೀಫಿಲ್, ಬೇರೆಯವರು ತಯಾರಿಸಿದ ‘ಕಂಪ್ಯಾಟಿಬಲ್’ ಕಾರ್ಟ್ರಿಜ್, ಮತ್ತು ಸಿರಿಂಜು ಹಿಡಿದು ಮನೆಯಲ್ಲೇ ತುಂಬಿಸುವುದು. ಐದನೆಯದಾದ ಟ್ಯಾಂಕ್ ಪ್ರಿಂಟರಿನ (ಕಾರ್ಟ್ರಿಜ್ ಬದಲು ಬಾಟಲಿಯಿಂದ ಟ್ಯಾಂಕಿಗೆ ಇಂಕು ಸುರಿಯುವ ಪ್ರಿಂಟರಿನ) ಅನುಭವ ಹುಬ್ಬಳ್ಳಿಯಲ್ಲಿರುವ ತಮ್ಮನ ಮನೆಯದು.

ಕಂಪನಿಯ ಕಾರ್ಟ್ರಿಜ್ ಮೂರು ಸಲ ತಂದೆ. ಸರಾಸರಿ 164 ಪುಟ ಬಂತು, ಪುಟಕ್ಕೆ 5 ರೂಪಾಯಿ 18 ಪೈಸೆ. ಪೆಟ್ಟಿಗೆಯ ಮೇಲೆ ಬರೆದಿದ್ದ ಪುಟಸಂಖ್ಯೆ ಇದಕ್ಕಿಂತ ಹೆಚ್ಚಿತ್ತು. ಇದು ಸುಳ್ಳೆಂದು ನಾನು ಹೇಳುವುದಿಲ್ಲ. ಐಎಸ್ಒ/ಐಇಸಿ 24711 ಎಂಬ ಮಾನಕದ ಪ್ರಕಾರ ಗೊತ್ತುಪಡಿಸಿದ ಪುಟಗಳನ್ನು ಒಂದಾದ ಮೇಲೊಂದರಂತೆ ಮುದ್ರಿಸಿ ಆ ಲೆಕ್ಕ ತೆಗೆಯುತ್ತಾರೆ. ನಾವಾದರೋ ಸೋಮವಾರ ಎರಡು ಪುಟ, ಶನಿವಾರ ಮೂರು ಪುಟ ತೆಗೆಯುವವರು, ಪ್ರಿಂಟರು ನಡುನಡುವೆ ತನ್ನ ಹೆಡ್ ತೊಳೆದುಕೊಳ್ಳಲು ಬಳಸುವ ಇಂಕು ಯಾವ ಪುಟದ ಲೆಕ್ಕಕ್ಕೂ ಸೇರುವುದಿಲ್ಲ. ಗುಣದ ಮಾತಿಗೆ ಬಂದರೆ ಇದಕ್ಕೆ ಎದುರಿಲ್ಲ. ಮುದ್ರಿಸಿ ಒಂದು ಗಂಟೆಯಾದ ಮೇಲೆ ಅಕ್ಷರದ ಮೇಲೆ ಒಂದು ಹನಿ ನೀರು ಬಿಟ್ಟೆ. ಅಂಚು ಸ್ವಲ್ಪ ಬೂದಾಯಿತೇ ಹೊರತು ಅಕ್ಷರ ಅಲುಗಲಿಲ್ಲ. ನಮ್ಮ ಪ್ರಿಂಟರಿನ ಕಪ್ಪು, ಪಿಗ್ಮೆಂಟ್ ಇಂಕು. ಅದರಲ್ಲಿ ಬಣ್ಣ ಕರಗಿರುವುದಿಲ್ಲ, ಸೂಕ್ಷ್ಮ ಕಣಗಳಾಗಿ ತೇಲುತ್ತಿರುತ್ತದೆ; ನೀರು ಇಂಗಿದ ಮೇಲೆ ಕಣಗಳು ಕಾಗದದ ಮೇಲೆಯೇ ಕೂರುತ್ತವೆ. ಡೈ ಇಂಕಿನಲ್ಲಿ ಬಣ್ಣ ಸಕ್ಕರೆಯಂತೆ ಕರಗಿರುತ್ತದೆ, ಮತ್ತೆ ನೀರು ಬಿದ್ದರೆ ಮತ್ತೆ ಕರಗುತ್ತದೆ.

ಈ ವ್ಯತ್ಯಾಸದ ಬೆಲೆ ನನಗೆ ತಿಳಿದದ್ದು ಅಂಗಡಿಯ ರೀಫಿಲ್‌ನಿಂದ. ಅಂಗಡಿಯ ಹುಡುಗ ಕಾರ್ಟ್ರಿಜ್‌ನ ಸ್ಟಿಕ್ಕರ್ ಕಿತ್ತು, ಯಾವ ಮಾಡೆಲ್ ಎಂದು ಸಹ ಕೇಳದೆ, ಎಲ್ಲರಿಗೂ ಬಳಸುವ ಅದೇ ಕಪ್ಪು ಬಾಟಲಿಯಿಂದ ಸಿರಿಂಜಿನ ತುಂಬ ಎಳೆದು, ಇಂಕು ತೂತಿನಿಂದ ಉಕ್ಕುವವರೆಗೆ ಒತ್ತಿ, ಟಿಶ್ಯೂವಿನಿಂದ ಒರೆಸಿ ಕೊಟ್ಟ. 200 ರೂಪಾಯಿ, ಐದು ನಿಮಿಷದ ಕೆಲಸ. ಅಕ್ಷರ ಅಚ್ಚುಕಟ್ಟಾಗಿಯೇ ಬಂತು, ಸುಮಾರು 140 ಪುಟ ಓಡಿತು. ಆದರೆ ಹನಿ ನೀರಿನ ಪರೀಕ್ಷೆಯಲ್ಲಿ ಅಕ್ಷರದ ಸುತ್ತ ನೇರಳೆ ಬಣ್ಣದ ಪ್ರಭಾವಳಿ ಮೂಡಿತು, ಅಂದರೆ ಪಿಗ್ಮೆಂಟ್ ಇರಬೇಕಾದಲ್ಲಿ ಡೈ ಬಿದ್ದಿತ್ತು. ಜುಲೈ ಮಳೆಯಲ್ಲಿ ನಾಡಕಚೇರಿಗೆ ಒಯ್ದ ಅರ್ಜಿಯ ಮೊದಲ ಪುಟದಲ್ಲಿ ನನ್ನ ಹೆಸರೂ ಸರ್ವೆ ನಂಬರೂ ಒಂದಕ್ಕೊಂದು ಹರಿದು ಸೇರಿದ್ದವು; ಇನ್ನೊಮ್ಮೆ ಬರೆದುಕೊಂಡು ಬನ್ನಿ ಎಂದರು. ಎರಡನೆಯ ರೀಫಿಲ್ ಆದ ಮೇಲೆ ಕಾರ್ಟ್ರಿಜ್ ಸೋರತೊಡಗಿ, ಪುಟದ ಬಲ ಅಂಚಿನಲ್ಲಿ ಕಪ್ಪು ಕಲೆ ಬಿಡುತ್ತ ಕೊನೆಗೆ ಹೆಡ್ ಸತ್ತಿತು. ಒಳಗಿನ ಸ್ಪಂಜು ಇಂಕನ್ನು ಹಿಡಿದು ನಿಲ್ಲಿಸಬೇಕಾದದ್ದು. ಅದರ ಶಕ್ತಿಗೆ ಮೀರಿ ತುಂಬಿದರೆ ಸೋರದೆ ಬೇರೆ ದಾರಿಯಿಲ್ಲ. ಕಾರ್ಟ್ರಿಜ್‌ನ ಮೂಲ ಬೆಲೆಯನ್ನೂ ಸೇರಿಸಿ ಹಂಚಿದರೆ ಈ ದಾರಿಯಲ್ಲಿ ಪುಟಕ್ಕೆ 2 ರೂಪಾಯಿ 82 ಪೈಸೆ ಬಿತ್ತು.

ಕಂಪ್ಯಾಟಿಬಲ್ ಕಾರ್ಟ್ರಿಜ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 480 ರೂಪಾಯಿಗೆ 110 ಪುಟ, ಅಂದರೆ ಪುಟಕ್ಕೆ 4 ರೂಪಾಯಿ 36 ಪೈಸೆ. ಮೂವತ್ತನೆಯ ಪುಟದಿಂದಲೇ ಬಿಳಿ ಗೆರೆ. ಇದನ್ನು ಜನ ‘ಡೂಪ್ಲಿಕೇಟ್’ ಎನ್ನುತ್ತಾರೆ, ಅದು ಸರಿಯಲ್ಲ. ತನ್ನದೇ ಹೆಸರಿನಲ್ಲಿ ಮಾರುವ ಹೊರಗಿನ ಕಾರ್ಟ್ರಿಜ್ ಬೇರೆ, ಕಂಪನಿಯ ಹೆಸರನ್ನೇ ಹಾಕಿಕೊಂಡು ಬರುವ ನಕಲಿ ಬೇರೆ. ಎರಡನೆಯದು ಶುದ್ಧ ಮೋಸ. ಕಾರ್ಟ್ರಿಜ್ ಯಾರದೆಂದು ಪ್ರಿಂಟರಿಗೆ ತಿಳಿಸುವ ಚಿಪ್ ಇರುವ ಮಾಡೆಲ್‌ಗಳಲ್ಲಿ ಇನ್ನೊಂದು ತೊಡಕಿದೆ. 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿಯ ಕೆಲವು ಆಫೀಸ್‌ಜೆಟ್ ಪ್ರಿಂಟರುಗಳು ಹೊರಗಿನ ಚಿಪ್ ಇದ್ದ ಕಾರ್ಟ್ರಿಜ್‌ಗಳನ್ನು ಇದ್ದಕ್ಕಿದ್ದಂತೆ ನಿರಾಕರಿಸಿದವು. ಗದ್ದಲವಾದ ಮೇಲೆ ಕಂಪನಿ ಆ ತಡೆಯನ್ನು ತೆಗೆಯುವ, ಯಂತ್ರದೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಬಿಡುಗಡೆ ಮಾಡಿತು. ಅಂತಹ ತಡೆ ಮತ್ತೆ ಬರಬಹುದಾದ್ದರಿಂದ ಇಂದು ಓಡುವ ಹೊರಗಿನ ಕಾರ್ಟ್ರಿಜ್ ಮುಂದಿನ ಅಪ್‌ಡೇಟ್ ಬಳಿಕವೂ ಓಡುತ್ತದೆಂಬ ಭರವಸೆಯಿಲ್ಲ.

ನನಗೆ ಒಗ್ಗಿದ್ದು ಸಿರಿಂಜು. ಬೆಂಗಳೂರಿಗೆ ಹೋದಾಗ ಎಸ್‌ಪಿ ರಸ್ತೆಯಲ್ಲಿ 100 ಮಿಲಿಲೀಟರ್ ಪಿಗ್ಮೆಂಟ್ ಕಪ್ಪನ್ನು 180 ರೂಪಾಯಿಗೆ ತಂದೆ. ‘ಪಿಗ್ಮೆಂಟ್’ ಎಂಬ ಪದ ಬಾಟಲಿಯ ಮೇಲೆ ಇದೆಯೋ ಇಲ್ಲವೋ ಎಂದು ನೋಡಿ ತರಬೇಕು, ಅಂಗಡಿಯವರು ‘ಎಲ್ಲಾ ಒಂದೇ ಸಾರ್’ ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಹಳೆಯ ಪತ್ರಿಕೆ ಹಾಸಿ, ಕೈಗವಸು ಹಾಕಿ, ಕಾರ್ಟ್ರಿಜ್ ಅನ್ನು ತಕ್ಕಡಿಯ ಮೇಲೆಯೇ ಇರಿಸಿ, ಸೂಜಿಯನ್ನು ಸ್ಪಂಜಿನ ಮುಕ್ಕಾಲು ಆಳಕ್ಕೆ ಇಳಿಸಿ, ಹನಿಹನಿಯಾಗಿ ಒತ್ತುತ್ತೇನೆ. ತಕ್ಕಡಿ 40 ಗ್ರಾಂ ತೋರಿಸಿದೊಡನೆ ನಿಲ್ಲಿಸುತ್ತೇನೆ. ಅವಸರದಿಂದ ಒತ್ತಿದರೆ ಸ್ಪಂಜಿನೊಳಗೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಇಂಕು ಇದ್ದೂ ಅಕ್ಷರ ಮೂಡುವುದಿಲ್ಲ. ಬಳಿಕ ಹೆಡ್ ಅನ್ನು ಒದ್ದೆ ಟಿಶ್ಯೂವಿನ ಮೇಲೆ ಅರೆನಿಮಿಷ ಒತ್ತಿ ಹಿಡಿದರೆ ನೇರವಾದ ಒಂದು ಕಪ್ಪು ಗೆರೆ ಮೂಡಬೇಕು. ಗೆರೆ ಕಡಿದಿದ್ದರೆ ಆ ಜಾಗದಲ್ಲಿ ಇಂಕು ಚಿಮ್ಮುವ ಸಣ್ಣ ತೂತುಗಳಾದ ನಾಝಲ್‌ಗಳು ಕಟ್ಟಿವೆಯೆಂದು ಅರ್ಥ.

ಒಂದು ಸಲಕ್ಕೆ ಹಿಡಿಯುವುದು ಸುಮಾರು ಆರು ಮಿಲಿಲೀಟರ್, ಬೆಲೆಯಲ್ಲಿ ಹನ್ನೊಂದು ರೂಪಾಯಿಯೂ ಅಲ್ಲ. ಸಿಕ್ಕುವುದು 120 ಪುಟ. ಇಂಕಿನ ಲೆಕ್ಕ ಮಾತ್ರ ಹಿಡಿದರೆ ಪುಟಕ್ಕೆ 9 ಪೈಸೆ. ಈ 9 ಪೈಸೆಯನ್ನೇ ಮುಂದಿಟ್ಟು ಹೊರಗಿನ ಇಂಕನ್ನು ಹೊಗಳುವವರು ಕಾರ್ಟ್ರಿಜ್‌ನ ಸಾವನ್ನು ಲೆಕ್ಕಕ್ಕೆ ತರುವುದಿಲ್ಲ. ನಾನು ತುಂಬಿಸಿದ ಮೊದಲ ಕಾರ್ಟ್ರಿಜ್ ಆರು ಭರ್ತಿ ತಡೆಯಿತು, ಮೂಲ ಇಂಕಿನ ಪುಟಗಳೂ ಸೇರಿ ಒಟ್ಟು 884 ಪುಟ. ಎಲ್ಲ ಸೇರಿ ಪುಟಕ್ಕೆ 1 ರೂಪಾಯಿ 4 ಪೈಸೆ. ಇನ್ನೊಂದು ಎರಡನೆಯ ಭರ್ತಿಯಲ್ಲೇ ಸತ್ತು, ಲೆಕ್ಕ 2 ರೂಪಾಯಿ 40 ಪೈಸೆಗೆ ಏರಿತು. ಆ ಸಾವಿಗೆ ಕಾರಣ ಇಂಕಲ್ಲ, ನಮ್ಮ ಅಸಡ್ಡೆ. ಇಂತಹ ಕಾರ್ಟ್ರಿಜ್‌ನ ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹೀಟರುಗಳಿದ್ದು, ಅವು ಇಂಕನ್ನು ಕ್ಷಣಮಾತ್ರ ಕುದಿಸಿ, ಎದ್ದ ಗುಳ್ಳೆಯ ಒತ್ತಡದಿಂದ ಹನಿಯನ್ನು ಹೊರಚಿಮ್ಮಿಸುತ್ತವೆ. ಆ ಹೀಟರುಗಳನ್ನು ತಣ್ಣಗಿಡುವುದೂ ಇಂಕೇ. ಮಗ ಅಕ್ಷರ ಮಾಸಿದರೂ ಬಿಡದೆ ಇಪ್ಪತ್ತು ಪುಟ ತೆಗೆದ, ಹೀಟರು ನೀರಾರಿದ ಪಾತ್ರೆಯಂತೆ ಸುಟ್ಟುಹೋಯಿತು. ಅಂದಿನಿಂದ 35 ಗ್ರಾಂಗೆ ಇಳಿಯುವ ಮುನ್ನವೇ ತುಂಬಿಸುವುದು ಮನೆಯ ನಿಯಮ. ಪ್ರಿಂಟರು ತೋರಿಸುವ ಇಂಕಿನ ಮಟ್ಟವನ್ನು ನಂಬಿಕೊಂಡು ಕೂರುವಂತಿಲ್ಲ, ಅದು ಹನಿಗಳನ್ನು ಎಣಿಸಿ ಮಾಡಿದ ಅಂದಾಜು. ತುಂಬಿಸಿದ ಮೇಲೂ ಅದರ ಪಾಲಿಗೆ ಕಾರ್ಟ್ರಿಜ್ ಖಾಲಿಯೇ. ಕೆನಾನ್‌ನ ಹಲವು ಮಾಡೆಲ್‌ಗಳಲ್ಲಿ ಸ್ಟಾಪ್ ಬಟನ್ನನ್ನು ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಆ ಎಚ್ಚರಿಕೆ ದಾಟಿ ಮುದ್ರಣ ಮುಂದುವರಿಯುತ್ತದೆ.

ಬಣ್ಣದ ಕಾರ್ಟ್ರಿಜ್‌ನಲ್ಲಿ ಮಾತ್ರ ಸಿರಿಂಜಿನ ಉತ್ಸಾಹ ಕಡಿಮೆಯಾಯಿತು. ಸ್ಟಿಕ್ಕರಿನಡಿ ಮೂರು ತೂತುಗಳಿರುತ್ತವೆ, ಯಾವುದರಲ್ಲಿ ಯಾವ ಬಣ್ಣವೆಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಹಲ್ಲುಕಡ್ಡಿಯನ್ನು ಪ್ರತಿ ತೂತಿಗೆ ಅದ್ದಿ ಬಣ್ಣ ನೋಡಿಕೊಳ್ಳಬೇಕೆಂದು ನಾನು ಕಲಿತದ್ದು, ಹಳದಿಯ ಕೋಣೆಗೆ ಮಜೆಂಟಾ (ನೇರಳೆಗೆಂಪು) ಸುರಿದು, ಮಗಳ ಕರ್ನಾಟಕ ನಕ್ಷೆಯಲ್ಲಿ ಪಶ್ಚಿಮ ಘಟ್ಟ ಹಸಿರಾಗುವ ಬದಲು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ ಮೇಲೆ. ಇನ್ನು ಫೋಟೋ: ಒಂದೇ ಚಿತ್ರವನ್ನು ಕಂಪನಿ ಇಂಕಿನಲ್ಲೊಮ್ಮೆ, ಹೊರಗಿನ ಇಂಕಿನಲ್ಲೊಮ್ಮೆ ತೆಗೆದು, ಅರ್ಧ ಭಾಗಕ್ಕೆ ರಟ್ಟು ಮುಚ್ಚಿ, ಪಶ್ಚಿಮದ ಕಿಟಕಿಗೆ ಎರಡು ತಿಂಗಳು ಅಂಟಿಸಿಟ್ಟಿದ್ದೆ. ರಟ್ಟು ತೆಗೆದಾಗ ಕಂಪನಿ ಇಂಕಿನದರಲ್ಲಿ ಗೆರೆ ಹುಡುಕಿ ನೋಡುವಷ್ಟು ತೆಳುವಾಗಿತ್ತು. ಹೊರಗಿನದರಲ್ಲಿ ಕೆಂಪೆಲ್ಲ ಹಾರಿ, ಅಜ್ಜಿಯ ಮುಖದ ಒಂದು ಕೆನ್ನೆ ಹಸಿರಾಗಿತ್ತು. ಗೋಡೆಗೆ ಹಾಕುವ ಚಿತ್ರಕ್ಕೆ ಹೊರಗಿನ ಇಂಕು ಬೇಡ ಎಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ.

ಟ್ಯಾಂಕ್ ಪ್ರಿಂಟರಿನ ಕಥೆ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು, ವಿಚಿತ್ರವೆಂದರೆ ಅದು ಹುಟ್ಟಿದ್ದೇ ಹೊರಗಿನ ಇಂಕಿನ ದೆಸೆಯಿಂದ. ಪ್ರಿಂಟರಿನ ಪಕ್ಕಕ್ಕೆ ಡಬ್ಬಿ ಕಟ್ಟಿ, ನಳಿಗೆ ಎಳೆದು, ಅಗ್ಗದ ಇಂಕು ಹರಿಸುವ ಜಾಣತನ ಏಷ್ಯಾದ ಊರೂರುಗಳಲ್ಲಿ ಮೊದಲೇ ನಡೆದಿತ್ತು. ಎಪ್ಸನ್ 2010ರಲ್ಲಿ ಇಂಡೊನೇಷ್ಯಾದಲ್ಲಿ ಅದೇ ಬಗೆಯ ಟ್ಯಾಂಕನ್ನು ತಾನೇ ಕಟ್ಟಿಕೊಟ್ಟು ಮಾರಾಟಕ್ಕಿಟ್ಟಿತು. ಇವುಗಳಲ್ಲಿ ಇಂಕು ಮಾತ್ರ ಬದಲಾಗುತ್ತದೆ, ಹೆಡ್ ಯಂತ್ರದಲ್ಲೇ ಉಳಿಯುತ್ತದೆ.

ಹುಬ್ಬಳ್ಳಿಯ ನನ್ನ ತಮ್ಮ, ಕಂಪನಿಯ ಕಪ್ಪು ಬಾಟಲಿಗೆ 400 ರೂಪಾಯಿ ಕೊಡುತ್ತಿದ್ದ, ಹೊರಗಿನದು 160. ಒಂದು ಬಾಟಲಿಗೆ ನಾಲ್ಕು ಸಾವಿರ ಪುಟ ಎಂದು ಹಿಡಿದರೆ ಪುಟಕ್ಕೆ 10 ಪೈಸೆಗೆ ಎದುರಾಗಿ 4 ಪೈಸೆ. ವರ್ಷಕ್ಕೆ ಎರಡು ಸಾವಿರ ಪುಟ ತೆಗೆಯುವ ಅವನಿಗೆ ಆದ ಉಳಿತಾಯ 120 ರೂಪಾಯಿ. ನಾಲ್ಕೂ ಬಣ್ಣವನ್ನು ಹೊರಗಿನದಕ್ಕೆ ಬದಲಿಸಿದ ಐದು ತಿಂಗಳಿಗೆ ನೀಲಿ ಬರುವುದು ನಿಂತಿತು. ಐದು ಸಲ ಹೆಡ್ ಕ್ಲೀನಿಂಗ್ ಮಾಡಿದ್ದರಿಂದ ಟ್ಯಾಂಕಿನ ಇಂಕು ಬೆರಳಗಲ ಇಳಿದು, ಯಂತ್ರದ ತಳದ ತ್ಯಾಜ್ಯ ಇಂಕಿನ ಪ್ಯಾಡಿಗೆ ಸೇರಿತೇ ಹೊರತು ನೀಲಿ ಮರಳಲಿಲ್ಲ. ರಿಪೇರಿಯವರು ಹೆಡ್ ಬದಲಾವಣೆಗೆ ಹೇಳಿದ ಮೊತ್ತ ಪ್ರಿಂಟರಿನ ಅರ್ಧ ಬೆಲೆಗಿಂತ ಹೆಚ್ಚಿತ್ತು. ದಸರೆಗೆ ಊರಿಗೆ ಬಂದು ಮೂರು ವಾರ ಪ್ರಿಂಟರು ಮುಟ್ಟದೆ ಬಿಟ್ಟಿದ್ದನೆಂಬುದನ್ನೂ ಹೇಳಬೇಕು, ಪೂರ್ತಿ ತಪ್ಪನ್ನು ಇಂಕಿನ ತಲೆಗೆ ಕಟ್ಟಲಾಗದು. ಆದರೂ 120 ರೂಪಾಯಿಗಾಗಿ ಯಂತ್ರದ ಹೆಡ್ಡನ್ನೇ ಪಣಕ್ಕಿಡುವುದು ಯಾವ ಲೆಕ್ಕದಲ್ಲೂ ಹೊಂದುವುದಿಲ್ಲ. ನಮ್ಮ ಮನೆಯಲ್ಲಿ ನಾನು ಧೈರ್ಯವಾಗಿ ಸಿರಿಂಜು ಹಿಡಿಯುವುದು, ಕೆಟ್ಟರೆ ಕಾರ್ಟ್ರಿಜ್‌ನೊಡನೆ ಹೆಡ್ಡೂ ಹೊರಗೆ ಹೋಗುತ್ತದೆ, ಪ್ರಿಂಟರಿಗೆ ಏನೂ ಆಗುವುದಿಲ್ಲ ಎಂಬ ಕಾರಣಕ್ಕೆ.

ಹಾಗಾಗಿ ಈಗ ನಮ್ಮಲ್ಲಿ ಕಪ್ಪಿಗೆ ಸಿರಿಂಜು, ಬಣ್ಣಕ್ಕೆ ಕಂಪನಿ ಕಾರ್ಟ್ರಿಜ್. ತಮ್ಮನಲ್ಲಿ ಕಪ್ಪಕ್ಷರ ಮಾತ್ರ ಬರುವ ಟ್ಯಾಂಕ್ ಪ್ರಿಂಟರು, ಅದಕ್ಕೆ ಮತ್ತೆ ಕಂಪನಿಯ ಬಾಟಲಿ. ಸದ್ಯದ ಕಪ್ಪು ಕಾರ್ಟ್ರಿಜ್ ನಾಲ್ಕನೆಯ ಭರ್ತಿಯಲ್ಲಿದ್ದು, ಇಂದು ಬೆಳಿಗ್ಗೆ 36 ಗ್ರಾಂ ತೂಗಿತು. ಈ ಭಾನುವಾರ ಪತ್ರಿಕೆ ಹಾಸಬೇಕು.