ಹೊಸಬರಿಗೆ ಅಕೌಂಟ್: ಕಾಪಿ, ಸ್ಕ್ರಿಪ್ಟ್, ಲಿನಕ್ಸ್ ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್ ಸರ್ವರ್‌ನ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಕಚೇರಿಯವರ ಲಾಗಿನ್ ಅಕೌಂಟುಗಳನ್ನೆಲ್ಲ ಒಂದೇ ಕಡೆ ಇಡುವ ವ್ಯವಸ್ಥೆಯಲ್ಲಿ, ವಿಭಾಗಕ್ಕೊಂದು ಟೆಂಪ್ಲೇಟ್ (ಮಾದರಿ) ಅಕೌಂಟ್ ಇಟ್ಟುಕೊಂಡು, ಹೊಸಬರು ಬಂದಾಗ ಅದನ್ನು ಕಾಪಿ ಮಾಡುವುದೇ ನನಗೆ ಒಗ್ಗಿದ ದಾರಿ. ಪವರ್‌ಶೆಲ್ ಸ್ಕ್ರಿಪ್ಟನ್ನೂ (ವಿಂಡೋಸ್‌ಗೆ ಬರೆದು ಕೊಡುವ ಕಮಾಂಡುಗಳ ಸಾಲು), ಗೋದಾಮಿನ ಉಬುಂಟು ಮಷೀನಿನಲ್ಲಿ ಲಿನಕ್ಸ್ ಪದ್ಧತಿಯನ್ನೂ ಬಳಸಿ ನೋಡಿದ್ದೇನೆ. ನಾನು ನೋಡಿಕೊಳ್ಳುವುದು ದಾವಣಗೆರೆಯ ಒಂದು ಸಗಟು ಜವಳಿ ವ್ಯಾಪಾರದ ಕಚೇರಿ. ಬಿಲ್ಲಿಂಗ್, ಲೆಕ್ಕಪತ್ರ, ಗೋದಾಮು, ಸೇಲ್ಸ್ ಎಂದು ನಾಲ್ಕು ವಿಭಾಗ, ಎಲ್ಲ ಸೇರಿ ಇಪ್ಪತ್ತರೊಳಗಿನ ಮಂದಿ.

ನನಗಿಂತ ಮೊದಲು ಇಲ್ಲಿ ನಡೆಯುತ್ತಿದ್ದ ಪದ್ಧತಿ ಬೇರೆ. "ಬಿಲ್ಲಿಂಗ್‌ನಲ್ಲಿ ಕೂರ್ತಾನಲ್ಲ, ಅವನಿಗೆ ಏನೇನಿದೆಯೋ ಇವನಿಗೂ ಅದನ್ನೇ ಕೊಟ್ಬಿಡಿ" ಎಂದು ಮೇಲಿನಿಂದ ಮಾತು ಬಂದರೆ, ಹಳಬರ ಅಕೌಂಟನ್ನೇ ಕಾಪಿ ಹೊಡೆಯುತ್ತಿದ್ದರು. ಬಹಳ ಕಚೇರಿಗಳಲ್ಲಿ ಈಗಲೂ ಇದೇ ರೂಢಿ. ಆದರೆ ಕೆಲಸ ಮಾಡುತ್ತಿರುವ ಮನುಷ್ಯನ ಅಕೌಂಟಿಗೆ ವರ್ಷಗಳ ಹಿಂದಿನ ಬಾಕಿಯೆಲ್ಲ ಅಂಟಿಕೊಂಡಿರುತ್ತದೆ. ಬಿಲ್ಲಿಂಗಿನ ಹಳಬರೊಬ್ಬರನ್ನು ಮಾರ್ಚ್ ಅಂತ್ಯದ ಗಡಿಬಿಡಿಯಲ್ಲಿ ಸಂಬಳದ ಗ್ರೂಪಿಗೆ (ಸಂಬಳದ ಪಟ್ಟಿ ನೋಡುವ ಅನುಮತಿ ಇರುವ ಅಕೌಂಟುಗಳ ಗುಂಪಿಗೆ) ಸೇರಿಸಿದ್ದರು, ಆಮೇಲೆ ಯಾರೂ ತೆಗೆಯಲಿಲ್ಲ. ಅವರ ಅಕೌಂಟಿನಿಂದ ಕಾಪಿಯಾಗಿ ಬಂದ ಹೊಸ ಹುಡುಗನಿಗೆ ಇಡೀ ಕಚೇರಿಯ ಸಂಬಳದ ಪಟ್ಟಿ ತೆರೆದುಕೊಂಡಿತು. ಹುಡುಗ ಮರ್ಯಾದಸ್ಥ, ತಾನೇ ಬಂದು ಹೇಳಿದ. ಎಲ್ಲರೂ ಹಾಗೆ ಹೇಳುತ್ತಾರೆಂದು ನಂಬಿ ಕೂರಲಾಗುವುದಿಲ್ಲ.

ಟೆಂಪ್ಲೇಟ್ ಅಕೌಂಟಿಗೆ ಈ ಹಳೆಯ ಬಾಕಿ ಇರುವುದಿಲ್ಲ. ಅದು ಯಾರದೂ ಅಲ್ಲ, ಅದರಿಂದ ಯಾರೂ ಲಾಗಿನ್ ಆಗುವುದಿಲ್ಲ, ಯಾವಾಗಲೂ ಡಿಸೇಬಲ್ ಆಗಿಯೇ ಇರುತ್ತದೆ. ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಹಾಕಿದ್ದರಿಂದ ಪಟ್ಟಿಯಲ್ಲಿ ಮೇಲೆಯೇ ಸಿಗುತ್ತದೆ. ರೈಟ್‌ಕ್ಲಿಕ್ ಮಾಡಿ ಕಾಪಿ ಒತ್ತಿದರೆ ಹೆಸರು ಮತ್ತು ಪಾಸ್‌ವರ್ಡ್ ಮಾತ್ರ ಕೇಳುತ್ತದೆ. ಗ್ರೂಪುಗಳು, ಲಾಗಿನ್ ಸಮಯದ ಮಿತಿ, ವಿಭಾಗ, ಕಂಪನಿ, ಮ್ಯಾನೇಜರ್ ಹೆಸರು ತಾವಾಗಿಯೇ ಬರುತ್ತವೆ. ಹುದ್ದೆ, ಫೋನ್ ನಂಬರ್, ವಿವರಣೆ ಬರುವುದಿಲ್ಲ, ಅವನ್ನು ಕೈಯಲ್ಲೇ ತುಂಬಬೇಕು. ಮೂಲ ಡಿಸೇಬಲ್ ಆಗಿದ್ದರೆ ಕಾಪಿಯಲ್ಲೂ ಆ ಟಿಕ್ ಬಿದ್ದೇ ಬರುತ್ತದೆ. ಪಾಸ್‌ವರ್ಡ್ ಕೊಡುವ ಪುಟದಲ್ಲಿ ಅದನ್ನು ತೆಗೆಯಬೇಕು.

ನನಗೆ ಹೆಚ್ಚು ಹಿಡಿಸಿದ್ದು ಹೋಮ್ ಫೋಲ್ಡರ್, ಅಂದರೆ ಸರ್ವರಿನಲ್ಲಿ ಪ್ರತಿಯೊಬ್ಬರಿಗೂ ಇರುವ ಸ್ವಂತ ಫೋಲ್ಡರಿನ ವಿಷಯ. ಟೆಂಪ್ಲೇಟಿನಲ್ಲಿ ಯೂಸರ್‌ನೇಮ್ ಎಂಬ ವೇರಿಯಬಲ್ ಹಾಕಿ ದಾರಿ ಕೊಟ್ಟರೆ, ಕಾಪಿ ಮಾಡುವಾಗ ಸರ್ವರ್ ಹೊಸಬರ ಲಾಗಿನ್ ಹೆಸರನ್ನು ತಾನೇ ಹಾಕಿಕೊಳ್ಳುತ್ತದೆ. ಫೋಲ್ಡರನ್ನೂ ತಾನೇ ಸೃಷ್ಟಿಸಿ, ಅದರ ಹಕ್ಕನ್ನು ಅವರಿಗೇ ಕೊಡುತ್ತದೆ.

ಇದನ್ನೆಲ್ಲ ಒಂದೇ ಏಟಿಗೆ ಮುಗಿಸೋಣವೆಂದು ಪವರ್‌ಶೆಲ್‌ಗೆ ಕೈ ಹಾಕಿದೆ. ಹೊಸ ಅಕೌಂಟ್ ಮಾಡುವ ಕಮಾಂಡಿಗೆ ಇನ್‌ಸ್ಟನ್ಸ್ ಎಂದು ಕೊಟ್ಟು ಟೆಂಪ್ಲೇಟನ್ನೇ ತೋರಿಸಬಹುದು. ಕಿರಿಕಿರಿ ಶುರುವಾದದ್ದು ಅಲ್ಲಿಯೇ. ಅಕೌಂಟ್ ತಯಾರಾಗುತ್ತದೆ, ಕೆಂಪಕ್ಷರದ ದೂರು ಒಂದೂ ಬರುವುದಿಲ್ಲ, ಮೇಲ್ನೋಟಕ್ಕೆ ಎಲ್ಲ ಸರಿ. ಹೊಸಬರು ಲಾಗಿನ್ ಆಗುತ್ತಾರೆ, ಡೆಸ್ಕ್‌ಟಾಪ್ ಬರುತ್ತದೆ, ಶೇರ್ ಫೋಲ್ಡರ್ ಒತ್ತಿದರೆ ಮಾತ್ರ ಅನುಮತಿ ಇಲ್ಲ ಎನ್ನುತ್ತದೆ. ಅವರ ಅಕೌಂಟಿನ ಮೆಂಬರ್ ಆಫ್ ಟ್ಯಾಬ್ ತೆರೆದರೆ, ಎಲ್ಲರಿಗೂ ತಾನಾಗಿ ಸಿಗುವ ಡೊಮೈನ್ ಯೂಸರ್ಸ್ ಬಿಟ್ಟು ಬೇರೆ ಗ್ರೂಪೇ ಇಲ್ಲ!

ಕಾರಣ ಆ್ಯಕ್ಟಿವ್ ಡೈರೆಕ್ಟರಿಯ ಕಟ್ಟಡದಲ್ಲೇ ಇದೆ. ಯಾರು ಯಾವ ಗ್ರೂಪಿನವರು ಎಂಬುದು ನಿಜವಾಗಿ ಬರೆದಿರುವುದು ಗ್ರೂಪಿನ ಕಡೆಯ ಸದಸ್ಯರ ಪಟ್ಟಿಯಲ್ಲಿ. ಬಳಕೆದಾರನ ಕಡೆ ಕಾಣುವುದು ಆ ಪಟ್ಟಿಯಿಂದ ಲೆಕ್ಕ ಹಾಕಿ ತೋರಿಸಿದ ಮರುಕೊಂಡಿ, ಅದಕ್ಕೆ ನೇರವಾಗಿ ಬರೆಯಲು ಬರುವುದಿಲ್ಲ. ಹಾಗಾಗಿ ಕಮಾಂಡ್ ಉಳಿದ ವಿವರಗಳನ್ನು ತರುತ್ತದೆ, ಗ್ರೂಪುಗಳನ್ನು ಬಿಟ್ಟುಬಿಡುತ್ತದೆ. ಅಕೌಂಟ್ ಆದ ಮೇಲೆ ಟೆಂಪ್ಲೇಟಿನ ಗ್ರೂಪುಗಳನ್ನು ಬೇರೆಯಾಗಿ ಓದಿ, ಒಂದೊಂದಕ್ಕೂ ಹೊಸಬರನ್ನು ಸೇರಿಸುವ ಸಾಲುಗಳನ್ನು ನಾವೇ ಬರೆಯಬೇಕು. ನಾವು ಟೆಂಪ್ಲೇಟ್ ಇಟ್ಟುಕೊಂಡದ್ದೇ ಗ್ರೂಪುಗಳಿಗಾಗಿ. ಅವೇ ಬರದಿದ್ದರೆ ಏನು ಬಂದ ಹಾಗಾಯಿತು?

ಹೋಮ್ ಫೋಲ್ಡರಿನ ಕಥೆ ಇನ್ನೂ ಕಷ್ಟ. ಟೆಂಪ್ಲೇಟಿನ ದಾರಿಯನ್ನು ಓದಿ ಇನ್‌ಸ್ಟನ್ಸ್‌ಗೆ ಕೊಟ್ಟರೆ ಅದು ಅಕ್ಷರಶಃ ಹಾಗೆಯೇ ಹೋಗಿ ಕೂರುತ್ತದೆ, ಅಂದರೆ ಎಲ್ಲ ಹೊಸಬರಿಗೂ ಒಂದೇ ಫೋಲ್ಡರ್. ಹೆಸರು ಬದಲಿಸಿ ಕೊಟ್ಟರೂ ಫೋಲ್ಡರನ್ನು ಅದು ಸೃಷ್ಟಿಸುವುದಿಲ್ಲ. ಫೋಲ್ಡರ್ ಮಾಡುವುದು, ಹಕ್ಕು ಕೊಡುವುದು ಮತ್ತೆ ನಮ್ಮ ಪಾಲಿಗೆ.

ಕನ್ನಡದವರಿಗೆ ಇನ್ನೊಂದು ಮಾತು. ನಮ್ಮ ಮಾಲೀಕರಿಗೆ ಲಾಗಿನ್ ಪರದೆಯ ಮೇಲೆ ಹೆಸರು ಕನ್ನಡದಲ್ಲೇ ಕಾಣಬೇಕು. ಎಕ್ಸೆಲ್‌ನಲ್ಲಿ ಸ್ಕ್ರಿಪ್ಟಿಗೆ ಕೊಡುವ ಹೊಸಬರ ಪಟ್ಟಿ ಮಾಡಿ ಬರೀ ಸಿಎಸ್‌ವಿ ಎಂದು ಸೇವ್ ಮಾಡಿದರೆ ಕನ್ನಡ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಸಿಎಸ್‌ವಿ ಯುಟಿಎಫ್-8 ಎಂಬುದನ್ನೇ ಆರಿಸಬೇಕು. 08192 ಎಂದು ಶುರುವಾಗುವ ಫೋನ್ ನಂಬರಿನ ಸೊನ್ನೆಯನ್ನೂ ಎಕ್ಸೆಲ್ ನುಂಗುತ್ತದೆ, ಆ ಕಾಲಂ ಮೊದಲೇ ಟೆಕ್ಸ್ಟ್ ಆಗಿರಲಿ.

ಲಿನಕ್ಸ್‌ನದು ಬೇರೆಯೇ ಜಾಯಮಾನ. ಇಟಿಸಿ ಒಳಗಿನ ಸ್ಕೆಲ್ ಫೋಲ್ಡರಿನಲ್ಲಿ ಇಟ್ಟದ್ದೆಲ್ಲ ಹೊಸಬರ ಹೋಮ್‌ಗೆ ಕಾಪಿಯಾಗುತ್ತದೆ. ಯೂಸರ್‌ಆ್ಯಡ್ ಕಮಾಂಡಿಗೆ ಕೆ ಎಂಬ ಆಯ್ಕೆ ಕೊಟ್ಟು ವಿಭಾಗಕ್ಕೊಂದು ಸ್ಕೆಲ್ ಫೋಲ್ಡರನ್ನೂ ತೋರಿಸಬಹುದು, ಅದು ಚೆನ್ನಾಗಿದೆ. ಆದರೆ ಸ್ಕೆಲ್ ತರುವುದು ಫೈಲುಗಳನ್ನು ಮಾತ್ರ, ಗ್ರೂಪುಗಳನ್ನು ಕಮಾಂಡಿನಲ್ಲೇ ಬರೆಯಬೇಕು. ಆಮೇಲೆ ಯೂಸರ್‌ಮಾಡ್‌ನಲ್ಲಿ (ಇರುವ ಅಕೌಂಟನ್ನು ಬದಲಿಸುವ ಕಮಾಂಡ್) ದೊಡ್ಡಕ್ಷರದ ಜಿ ಹಾಕಿ, ಜೊತೆಗೆ ಎ ಹಾಕದಿದ್ದರೆ ಆ ವ್ಯಕ್ತಿಯ ಉಳಿದ ಹೆಚ್ಚುವರಿ ಗ್ರೂಪುಗಳೆಲ್ಲ ಕಳಚಿಕೊಳ್ಳುತ್ತವೆ. ಒಂದೇ ಒಂದು ಅಕ್ಷರ! ವಿಂಡೋಸ್ ಮಷೀನುಗಳಿಂದ ಶೇರ್ ತೆರೆಯಬೇಕಾದರೆ ಸಾಂಬಾ (ಲಿನಕ್ಸಿನ ಫೋಲ್ಡರುಗಳನ್ನು ವಿಂಡೋಸಿಗೆ ಹಂಚುವ ಸಾಫ್ಟ್‌ವೇರ್) ಪಾಸ್‌ವರ್ಡನ್ನೂ ಪ್ರತ್ಯೇಕವಾಗಿ ಇಡಬೇಕು. ಖರ್ಚು ಮಾತ್ರ ಸೊನ್ನೆ.

ಲೆಕ್ಕದ ಸಾಫ್ಟ್‌ವೇರ್ ಆದ ಟ್ಯಾಲಿಯ ಲಾಗಿನ್ ಇವುಗಳಲ್ಲಿ ಯಾವುದರಿಂದಲೂ ಆಗದು, ಅದರ ಬಳಕೆದಾರರ ಪಟ್ಟಿ ಅದರೊಳಗೇ ಬೇರೆ.

ಯಾವ ದಾರಿ ಹಿಡಿದರೂ ಒಂದು ಶಿಸ್ತು ಬೇಕೇ ಬೇಕು. ಟೆಂಪ್ಲೇಟಿಗೂ ಕಾಪಿಗೂ ಅಕೌಂಟ್ ಆದ ಕ್ಷಣದಿಂದ ಸಂಬಂಧ ಇರುವುದಿಲ್ಲ. ನಾಳೆ ಟೆಂಪ್ಲೇಟನ್ನು ಹೊಸ ಗ್ರೂಪಿಗೆ ಸೇರಿಸಿದರೆ ಹಳಬರಿಗೆ ಅದು ತಲುಪದು. ಹಾಗಾಗಿ ಶೇರ್ ಫೋಲ್ಡರಿನ ಹಕ್ಕನ್ನು ಎಂದೂ ವ್ಯಕ್ತಿಗೆ ಕೊಡಬೇಡಿ, ವಿಭಾಗದ ಗ್ರೂಪಿಗೇ ಕೊಡಿ. ಆಗ ಹೊಸ ಫೋಲ್ಡರ್ ಬಂದರೂ ಗ್ರೂಪಿಗೆ ಒಮ್ಮೆ ಹಕ್ಕು ಕೊಟ್ಟರೆ ಹಳಬರು ಹೊಸಬರು ಎಲ್ಲರಿಗೂ ಸಿಗುತ್ತದೆ. ಒಬ್ಬರು ಗೋದಾಮಿನಿಂದ ಲೆಕ್ಕಪತ್ರಕ್ಕೆ ಬಂದರೆ ಟೆಂಪ್ಲೇಟ್ ಏನೂ ಮಾಡದು. ಹಳೆಯ ಗ್ರೂಪಿನಿಂದ ಕೈಯಾರೆ ತೆಗೆದು ಹೊಸದಕ್ಕೆ ಸೇರಿಸಿ, ಲಾಗ್ ಆಫ್ ಆಗಿ ಬರಲು ಹೇಳಬೇಕು, ಇಲ್ಲದಿದ್ದರೆ ಬದಲಾವಣೆ ಹತ್ತುವುದಿಲ್ಲ. ಏಪ್ರಿಲ್ ಬಂದಾಗ ನಾಲ್ಕೂ ಟೆಂಪ್ಲೇಟುಗಳ ಗ್ರೂಪ್ ಪಟ್ಟಿಯನ್ನು ಪ್ರಿಂಟ್ ತೆಗೆದು ಮಾಲೀಕರ ಮುಂದಿಡುತ್ತೇನೆ. ಅವರು ಪೆನ್ನು ಹಿಡಿದು ಓದಿ, ಬೇಡದ್ದಕ್ಕೆ ಗೀಟು ಎಳೆದು ಕೊಡುತ್ತಾರೆ.

ನಮ್ಮಲ್ಲಿ ಹೊಸಬರು ಬರುವುದು ಒಬ್ಬೊಬ್ಬರಾಗಿ, ಅದೂ ಹೆಚ್ಚಾಗಿ ವರ್ಷದ ಶುರುವಿನಲ್ಲಿ. ಅಷ್ಟಕ್ಕೆ ಮೌಸ್ ಸಾಕು. ವಿಂಡೋಸ್ ಸರ್ವರ್ ಎಸೆನ್ಷಿಯಲ್ಸ್‌ನಲ್ಲಿ 25 ಬಳಕೆದಾರರು, 50 ಸಾಧನಗಳವರೆಗೆ ತಲೆಗೊಂದು ಲೈಸೆನ್ಸ್ ಬೇಡ, ನಮ್ಮ ಬಜೆಟ್ಟಿಗೆ ಅದು ಸರಿಹೊಂದಿದೆ. ಅಷ್ಟೂ ಖರ್ಚು ಬೇಡವೆನ್ನುವವರು ಸಾಂಬಾವನ್ನೇ ಡೊಮೈನ್ ಕಂಟ್ರೋಲರ್ (ಕಚೇರಿಯ ಅಕೌಂಟುಗಳನ್ನೆಲ್ಲ ನೋಡಿಕೊಳ್ಳುವ ಸರ್ವರ್) ಮಾಡಿಕೊಳ್ಳಬಹುದು, 4.0 ಆವೃತ್ತಿಯಿಂದ, ಅಂದರೆ 2012ರ ಕೊನೆಯಿಂದ ಆ ಸೌಲಭ್ಯ ಇದೆ. ವಿಂಡೋಸ್ ಹೋಮ್ ಆವೃತ್ತಿಯ ಮಷೀನುಗಳು ಯಾವ ಡೊಮೈನಿಗೂ ಸೇರುವುದಿಲ್ಲ, ಲ್ಯಾಪ್‌ಟಾಪ್ ಕೊಳ್ಳುವಾಗಲೇ ಪ್ರೋ ಕೇಳಿ ತನ್ನಿ. ಕಾಲೇಜಿನಂತೆ ಒಂದೇ ವಾರದಲ್ಲಿ ನೂರಾರು ಅಕೌಂಟ್ ಮಾಡುವವರಿಗೆ ಮಾತ್ರ ನಾನು ಸ್ಕ್ರಿಪ್ಟ್ ಎನ್ನುತ್ತೇನೆ, ಗ್ರೂಪ್ ಸೇರಿಸುವ ಸಾಲುಗಳನ್ನು ಮೊದಲೇ ಬರೆದಿಟ್ಟುಕೊಂಡರೆ.