ಸಂಸದರ ಹಾಜರಿ ತೋರಿಸುವ ಮೂರು ತಾಣಗಳು: ಶಟ್‌ಡೌನ್ ಬಂದಾಗ ಯಾವುದು ಎಷ್ಟು ಹೇಳುತ್ತೆ?

ಜನಪ್ರತಿನಿಧಿ ಸದನಕ್ಕೆ ಹೋಗಿದ್ದರೋ ಇಲ್ಲವೋ ಎಂದು ಮನೆಯಲ್ಲೇ ಕೂತು ನೋಡಲು ಪುಕ್ಕಟೆ ತಾಣಗಳಿವೆ. ಇಲ್ಲಿ ತೂಗಿ ನೋಡಿರುವುದು ಮೂರನ್ನು: ಸಂಸತ್ತಿನ ಕೆಲಸವನ್ನು ಅಧ್ಯಯನ ಮಾಡುವ ನಮ್ಮ ದೇಶದ ಪಿಆರ್‌ಎಸ್ ಸಂಸ್ಥೆಯ ‘ಎಂಪಿ ಟ್ರ್ಯಾಕ್’, ಅಮೆರಿಕದ ಪ್ರತಿನಿಧಿ ಸಭೆಯ ಕ್ಲರ್ಕ್ ಕಚೇರಿಯ ತಾಣ, ಅಲ್ಲಿನದೇ ಖಾಸಗಿ ತಾಣ ‘ಗವ್‌ಟ್ರ್ಯಾಕ್’. ತುಮಕೂರು, ಕೋಲಾರದವರಿಗೆ ಅಮೆರಿಕದ ಉಸಾಬರಿ ಯಾಕೆ ಅನ್ನಬಹುದು. ಕೆಎಎಸ್, ಐಎಎಸ್‌ಗೆ ಓದುವವರಿಗೆ 2025ರ ಶಟ್‌ಡೌನ್ (ಹಣದ ಮಸೂದೆ ಪಾಸಾಗದೆ ಅಮೆರಿಕದ ಸರ್ಕಾರಿ ಕಚೇರಿಗಳು ಮುಚ್ಚಿದ್ದು) ಬೇಕೇ ಬೇಕು. ಮೇಲಾಗಿ ಹಾಜರಿಯ ಲೆಕ್ಕ ಎಲ್ಲಿ ಹಳಿ ತಪ್ಪುತ್ತದೆ ಎನ್ನುವುದು ಕಣ್ಣಿಗೆ ಹೊಡೆಯುವಂತೆ ಕಾಣುವುದು ಅಲ್ಲೇ.

ಎಂಪಿ ಟ್ರ್ಯಾಕ್ ಬಳಸಲು ಸುಲಭ. ಆದರೆ ಹುಡುಕಬೇಕಾದ್ದು ಲೋಕಸಭಾ ಕ್ಷೇತ್ರದ ಹೆಸರಲ್ಲಿ, ಜಿಲ್ಲೆಯ ಹೆಸರಲ್ಲಲ್ಲ. ನಮ್ಮ ಕಡೆಯವರು ಎಡವುವುದು ಇಲ್ಲೇ. ಪಾವಗಡ, ಶಿರಾ ತುಮಕೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಚಿತ್ರದುರ್ಗಕ್ಕೆ ಸೇರುತ್ತವೆ. ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ. ಶಿಡ್ಲಘಟ್ಟ, ಚಿಂತಾಮಣಿಯವರು ಜಿಲ್ಲೆಯ ಲೆಕ್ಕದಲ್ಲಿ ಚಿಕ್ಕಬಳ್ಳಾಪುರದವರು, ವೋಟು ಹಾಕುವುದು ಕೋಲಾರದ ಸಂಸದರಿಗೆ. ಇತ್ತ ಯಲಹಂಕದವರು ಚಿಕ್ಕಬಳ್ಳಾಪುರ ಕ್ಷೇತ್ರದ ಮತದಾರರು. ಕ್ಷೇತ್ರ ಸರಿ ಆಯ್ಕೆ ಮಾಡಿದರೆ ಸಂಸದರ ಪುಟದಲ್ಲಿ ಹಾಜರಿಯ ಶೇಕಡಾವಾರು, ಪಕ್ಕದಲ್ಲಿ ದೇಶದ ಸರಾಸರಿ, ರಾಜ್ಯದ ಸರಾಸರಿ ಸಿಗುತ್ತವೆ. ಒಂಟಿ ಅಂಕಿಗಿಂತ ಈ ಹೋಲಿಕೆಯೇ ಉಪಯೋಗದ್ದು.

ಕೋಲಾರದ ಎಂ. ಮಲ್ಲೇಶ್ ಬಾಬು, ಚಿಕ್ಕಬಳ್ಳಾಪುರದ ಡಾ. ಕೆ. ಸುಧಾಕರ್ ಅವರ ಪುಟಗಳನ್ನು ಹೀಗೆ ಓದಬಹುದು. ತುಮಕೂರಿನ ವಿ. ಸೋಮಣ್ಣ ಅವರದ್ದನ್ನು ಹೀಗೆ ಓದಲು ಬರುವುದಿಲ್ಲ. ಅವರು 2024ರ ಜೂನ್‌ನಲ್ಲಿ ಕೇಂದ್ರದ ರಾಜ್ಯ ಸಚಿವರಾದರು, ಸಚಿವರು ಹಾಜರಿ ಹಾಕಬೇಕಿಲ್ಲ. ಆ ಜಾಗದಲ್ಲಿ ಅಂಕಿ ಇಲ್ಲದಿರುವುದನ್ನು ‘ಒಂದು ದಿನವೂ ಹೋಗಿಲ್ಲ’ ಎಂದು ಸ್ಕ್ರೀನ್‌ಶಾಟ್ ಹೊಡೆದು ಹಂಚಿದರೆ ಅದು ಶುದ್ಧ ತಪ್ಪು.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಎಂಪಿ ಟ್ರ್ಯಾಕ್‌ನ ಹಾಜರಿ ಅಂದರೆ ಆ ದಿನ ಹಾಜರಿ ಗುರುತು ಹಾಕಿದ್ದು, ಅಷ್ಟೇ. ದಿನಭತ್ಯೆ ಸಿಗಬೇಕಾದರೆ ಆ ಗುರುತು ಬೇಕು. ಆ ಭತ್ಯೆ 2025ರಲ್ಲಿ 2,000ದಿಂದ 2,500 ರೂಪಾಯಿಗೆ ಏರಿತು. ಹಾಜರಿ ಹಾಕಿ ಹತ್ತು ನಿಮಿಷಕ್ಕೆ ಎದ್ದು ಹೋದವರೂ ಆ ದಿನ ಹಾಜರ್. ಮಸೂದೆಗೆ ವೋಟು ಹಾಕಿದರೋ ಇಲ್ಲವೋ ಅದರಲ್ಲಿ ಗೊತ್ತಾಗದು, ಯಾಕೆಂದರೆ ನಮ್ಮಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ. ಡಿವಿಷನ್ (ವೋಟು ಎಣಿಸುವ ಮತದಾನ) ಕೇಳಿದಾಗ ಮಾತ್ರ ಹೆಸರುವಾರು ದಾಖಲೆ.

ಅಮೆರಿಕದ ಕ್ಲರ್ಕ್ ತಾಣ ಇದಕ್ಕೆ ಉಲ್ಟಾ. ಅಲ್ಲಿ ಹಾಜರಿ ಪುಸ್ತಕವನ್ನು ಹುಡುಕಬೇಡಿ, ರೋಲ್ ಕಾಲ್ (ಹೆಸರುವಾರು ಮತದಾನ) ನೋಡಿ. ಪ್ರತಿ ಮತದಾನಕ್ಕೂ ಒಂದು ಕ್ರಮಸಂಖ್ಯೆ, ಅದರ ಕೆಳಗೆ ಪ್ರತಿ ಸದಸ್ಯರ ಹೆಸರಿಗೆ ಪರ, ವಿರೋಧ, ‘ಪ್ರೆಸೆಂಟ್’, ‘ನಾಟ್ ವೋಟಿಂಗ್’ ಎಂಬ ನಾಲ್ಕರಲ್ಲಿ ಒಂದು. ‘ಪ್ರೆಸೆಂಟ್’ ಎಂದರೆ ಸದನದಲ್ಲಿದ್ದೂ ಎರಡೂ ಕಡೆ ವಾಲದವರು. ಅವರನ್ನು ಗೈರು ಎಂದು ಎಣಿಸಬಾರದು. 2020ರ ಮೇ ತಿಂಗಳಿಂದ 2022ರ ಕೊನೆಯವರೆಗಿನ ದಾಖಲೆ ನೋಡುವಾಗ ಹುಷಾರು: ಆಗ ಬೇರೆಯವರ ಮೂಲಕ ವೋಟು ಹಾಕಲು ಅವಕಾಶವಿತ್ತು, ವೋಟು ಬಿದ್ದ ಮಾತ್ರಕ್ಕೆ ಮನುಷ್ಯ ಅಲ್ಲಿದ್ದ ಎಂದಲ್ಲ.

ಈಗ ಶಟ್‌ಡೌನ್. ಪ್ರತಿನಿಧಿ ಸಭೆ 2025ರ ಸೆಪ್ಟೆಂಬರ್ 19ರಂದು ತಾತ್ಕಾಲಿಕ ಹಣದ ಮಸೂದೆಯನ್ನು 217-212ರಲ್ಲಿ ಪಾಸು ಮಾಡಿ ಊರಿಗೆ ಹೊರಟಿತು. ಮೇಲ್ಮನೆ ಸೆನೆಟ್‌ನಲ್ಲಿ ಅದಕ್ಕೆ 60 ವೋಟು ಸಿಗದೆ ಅಕ್ಟೋಬರ್ 1ರಿಂದ ಕಚೇರಿಗಳಿಗೆ ಬೀಗ ಬಿತ್ತು. ಪ್ರತಿನಿಧಿ ಸಭೆಯಲ್ಲಿ ಮತ್ತೆ ಮತದಾನ ಆಗಿದ್ದು ನವೆಂಬರ್ 12ಕ್ಕೆ, ಶಟ್‌ಡೌನ್ ಮುಗಿಸಿದ ಮಸೂದೆಗೆ 222-209. ನಡುವಿನ ದಿನಗಳಿಗೆ ಕ್ಲರ್ಕ್ ತಾಣದಲ್ಲಿ ಒಂದೇ ಒಂದು ರೋಲ್ ಕಾಲ್ ಇಲ್ಲ. ಹಾಗಾಗಿ ಗೈರು ಎಂದು ದಾಖಲಾದವರೂ ಒಬ್ಬರಿಲ್ಲ!

ನಿಯಮ ಇಲ್ಲದೆ ಹೀಗಾಗಿದ್ದಲ್ಲ. ಸದಸ್ಯರು ಕಲಾಪದ ವೇಳೆ ಸದನದಲ್ಲಿರಬೇಕು, ವೋಟು ಹಾಕಬೇಕು ಎಂದು ಆ ಸಭೆಯ ಮೂರನೇ ನಿಯಮವೇ ಹೇಳುತ್ತದೆ. ಕೋರಂ (ಕಲಾಪಕ್ಕೆ ಬೇಕಾದ ಕನಿಷ್ಠ ಹಾಜರಿ) ಇಲ್ಲದಿದ್ದರೆ ಗೈರಾದವರನ್ನು ಹಿಡಿದು ತರಿಸುವ ಅಧಿಕಾರ ಸಂವಿಧಾನದಲ್ಲೇ ಇದೆ. 1988ರಲ್ಲಿ ಸೆನೆಟರ್ ಬಾಬ್ ಪ್ಯಾಕ್‌ವುಡ್ ಅವರನ್ನು ಅಕ್ಷರಶಃ ಹೊತ್ತು ತಂದು ಸದನದೊಳಗೆ ಬಿಟ್ಟಿದ್ದರು. ಆದರೆ ಸ್ಪೀಕರ್ ಮತದಾನವನ್ನೇ ಇಟ್ಟುಕೊಳ್ಳದಿದ್ದರೆ ಈ ಯಾವುದೂ ಕೆಲಸಕ್ಕೆ ಬಾರದು. ಇನ್ನೊಂದು ಸದನದ ಒಪ್ಪಿಗೆಯಿಲ್ಲದೆ ಮೂರು ದಿನಕ್ಕಿಂತ ಹೆಚ್ಚು ಮುಂದೂಡುವಂತಿಲ್ಲ ಎಂಬ ಷರತ್ತನ್ನು ಹೆಸರಿಗಷ್ಟೇ ಕೆಲವೇ ನಿಮಿಷದ ‘ಪ್ರೊ ಫಾರ್ಮಾ’ ಕಲಾಪ ನಡೆಸಿ ಪೂರೈಸಿದರು. ಸಂಬಳಕ್ಕೂ ಕುತ್ತಿಲ್ಲ: ಸದಸ್ಯರ ಸಂಬಳ ವಾರ್ಷಿಕ ಹಣದ ಮಸೂದೆಯನ್ನು ನೆಚ್ಚಿಕೊಂಡಿಲ್ಲ.

ಗವ್‌ಟ್ರ್ಯಾಕ್ ಇಲ್ಲೇ ಕೈ ಕೊಡುವುದು, ಸರಿಯಾಗಿ ಓದಿದರೆ ಕೈ ಹಿಡಿಯುವುದೂ ಇಲ್ಲೇ. ಅದು ತಪ್ಪಿಸಿಕೊಂಡ ವೋಟುಗಳ ಶೇಕಡಾವಾರು ಕೊಡುತ್ತದೆ, ಭಾಗಿಸುವುದು ನಡೆದ ಮತದಾನಗಳ ಸಂಖ್ಯೆಯಿಂದ. ಮತದಾನವೇ ನಡೆಯದ ವಾರಗಳು ಲೆಕ್ಕದಿಂದ ಮಾಯ. ಊರಲ್ಲಿ ಕೂತಿದ್ದವರ ಅಂಕಿಗೂ ಮುಕ್ಕಾಗುವುದಿಲ್ಲ. ಮೇಲಿನ ದಪ್ಪಕ್ಷರದ ಶೇಕಡಾ ಬಿಟ್ಟು, ಕೆಳಗಿನ ಮೂರು ತಿಂಗಳಿಗೊಂದು ಸಾಲಿನ ಕೋಷ್ಟಕಕ್ಕೆ ಇಳಿಯಿರಿ, ಅರ್ಹ ಮತದಾನಗಳ ಕಾಲಂ ನೋಡಿ. ಅಲ್ಲಿ ಸಂಖ್ಯೆ ದಿಢೀರನೆ ಕುಸಿದಿದ್ದರೆ ಆ ತ್ರೈಮಾಸಿಕದ ಶೇಕಡಾವಾರನ್ನು ಬೇರೆಯದರ ಜೊತೆ ಹೋಲಿಸಬೇಡಿ. ಸೆನೆಟರ್‌ಗಳಿಗೆ ಈ ತಕರಾರಿಲ್ಲ, ಅವರು ಶಟ್‌ಡೌನ್ ಉದ್ದಕ್ಕೂ ವೋಟು ಹಾಕುತ್ತಲೇ ಇದ್ದರು.

ನಮ್ಮಲ್ಲಿ ಅಂಥ ಬೀಗ ಬೀಳುವುದಿಲ್ಲ. ಬಜೆಟ್ ತಡವಾದರೆ 116ನೇ ವಿಧಿಯ ಲೇಖಾನುದಾನ (ಬಜೆಟ್ ಪಾಸಾಗುವ ತನಕದ ಖರ್ಚಿಗೆ ಮುಂಗಡ ಒಪ್ಪಿಗೆ) ಇದೆ, ಲೋಕಸಭೆ ಹಣವನ್ನೇ ನಿರಾಕರಿಸಿದರೆ ಸರ್ಕಾರವೇ ಹೋಗುತ್ತದೆ. ಹಾಜರಿಯ ಲೆಕ್ಕದ ಲೋಪ ಮಾತ್ರ ಇಲ್ಲೂ ಅದೇ. ಅನುಮತಿಯಿಲ್ಲದೆ 60 ದಿನ ಗೈರಾದರೆ ಸ್ಥಾನ ಖಾಲಿ ಎಂದು ಸದನ ಘೋಷಿಸಬಹುದು ಎನ್ನುವ 101ನೇ ವಿಧಿ, ಸತತ ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದ ಅವಧಿಯನ್ನು ಎಣಿಸುವುದಿಲ್ಲ. 17ನೇ ಲೋಕಸಭೆ ಐದು ವರ್ಷದಲ್ಲಿ ಕೂತಿದ್ದೇ 274 ದಿನ. ಶೇಕಡಾ 90 ಹಾಜರಿ ಎಂದು ಕಂಡರೆ ಎಷ್ಟು ದಿನಕ್ಕೆ ಶೇಕಡಾ 90 ಎಂದೂ ನೋಡಬೇಕು. ಎಂಪಿ ಟ್ರ್ಯಾಕ್ ಅದನ್ನು ಶೇಕಡಾವಾರಿನ ಪಕ್ಕದಲ್ಲೇ ಇಟ್ಟಿದ್ದರೆ ಚೆನ್ನಾಗಿತ್ತು.

ಮೂರರಲ್ಲಿ ದಾಖಲೆಯ ಗಟ್ಟಿತನಕ್ಕೆ ಕ್ಲರ್ಕ್ ತಾಣ, ಬಳಸುವ ಸಲೀಸಿಗೆ ಎಂಪಿ ಟ್ರ್ಯಾಕ್. ಗವ್‌ಟ್ರ್ಯಾಕ್ ಕೋಷ್ಟಕ ಓದುವ ತಾಳ್ಮೆ ಇರುವವರಿಗೆ. ಶಾಸಕರ ಹಾಜರಿ ಬೇಕಾದವರಿಗೆ ಇವು ಮೂರೂ ಸಾಲವು. ಅದಕ್ಕೆ ಕರ್ನಾಟಕ ವಿಧಾನಸಭೆ ಸಚಿವಾಲಯಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ‘ಶಾಸಕರ ಹಾಜರಿ ಕೊಡಿ’ ಎಂದಷ್ಟೇ ಬರೆಯದೆ ಅಧಿವೇಶನದ ದಿನಾಂಕಗಳು, ಶಾಸಕರ ಹೆಸರು, ದಿನವಾರು ಸಹಿ ಪುಸ್ತಕದ ಪ್ರತಿ ಎಂದು ಬಿಡಿಸಿ ಕೇಳಿ. ಪ್ರತಿಗೆ ಪುಟಕ್ಕೆ 2 ರೂಪಾಯಿ.