ಮಲ್ಪೆಯ ಗರುಡನಿಗೆ 61 ಮೆಗಾಪಿಕ್ಸೆಲ್ ಬೇಕಾ?

ಹಕ್ಕಿ ಫೋಟೊಗೆ 61 ಮೆಗಾಪಿಕ್ಸೆಲ್‌ನ ಸೋನಿ ಎ7ಆರ್ 5 ಕ್ಯಾಮೆರಾ, ಅದಕ್ಕೆ ಸೋನಿಯದೇ 200-600 ಮಿಮೀ ಝೂಮ್ ಲೆನ್ಸ್. ಒಂದು ಮಳೆಗಾಲ, ಒಂದು ಚಳಿಗಾಲ ಎರಡನ್ನೂ ಉಡುಪಿಯಲ್ಲಿ ದಾಟಿಸಿದ ಮೇಲೆ ಬರೆಯುತ್ತಿದ್ದೇನೆ. ಲೆನ್ಸ್ ಕಣ್ಣು ಮುಚ್ಚಿ ತಗೊಳ್ಳಿ. ಕ್ಯಾಮೆರಾ ಬಗ್ಗೆ ಸ್ವಲ್ಪ ಮಾತಾಡಲಿಕ್ಕೆ ಉಂಟು.

ಮೊದಲು ಲೆನ್ಸ್. 2019ರಲ್ಲಿ ಬಂದದ್ದು. ಝೂಮ್ ಮಾಡಿದರೆ ಇದು ಉದ್ದ ಆಗುವುದಿಲ್ಲ, ಎಲ್ಲ ಒಳಗೇ ಜರುಗುತ್ತದೆ. ನಮ್ಮ ಕರಾವಳಿಯಲ್ಲಿ ಇದು ದೊಡ್ಡ ವಿಷಯ. ಹೊರಗೆ ಚಾಚುವ ಲೆನ್ಸ್ ಪ್ರತಿ ಸಲ ಗಾಳಿ ಎಳೆದುಕೊಳ್ಳುತ್ತದೆ. ಗಾಳಿಯ ಜೊತೆ ತೇವ, ಉಪ್ಪು, ಸಣ್ಣ ಮರಳು. ಹಾಗಂತ ಇದಕ್ಕೆ ಫಂಗಸ್ ಬರುವುದೇ ಇಲ್ಲ ಎಂದಲ್ಲ. ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಬೇಕೇ ಬೇಕು. ಜೋರು ಮಳೆಯ ಆಟಿ ತಿಂಗಳಲ್ಲಂತೂ ಜೆಲ್ಲಿನ ಬಣ್ಣ ನೋಡುತ್ತಲೇ ಇರಬೇಕು.

ಝೂಮ್ ರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು, 200ರಿಂದ 600ಕ್ಕೆ ಹೋಗುತ್ತದೆ. ಮಲ್ಪೆ ದಕ್ಕೆಯಲ್ಲಿ ಮೀನು ಇಳಿಸುವಾಗ ಗರುಡಗಳು ತಲೆ ಮೇಲೆಯೇ ಸುತ್ತುತ್ತವೆ. 200ರಲ್ಲಿ ಹಕ್ಕಿಯನ್ನು ಹಿಡಿದು, ಅದು ಎರಗುವಾಗ 600ಕ್ಕೆ ತಿರುಗಿಸುವುದು. ಕೈಗೆ ಬೇಗ ಒಗ್ಗುತ್ತದೆ. ಲೆನ್ಸ್ ಒಂದೇ 2.1 ಕೆಜಿ, ಭುಜ ಮಾತ್ರ ಬೈಯುತ್ತದೆ. ದಕ್ಕೆಯಲ್ಲಿ ಒಬ್ಬರು ಕೇಳಿದರು, "ಇದರಲ್ಲಿ ಲಕ್ಷದ್ವೀಪ ಕಾಣ್ತದಾ ಮಾರಾಯ್ರೇ?" ಜೂನ್, ಜುಲೈ ಟ್ರಾಲ್ ಬೋಟಿಗೆ ರಜೆ. ಆಗ ಅಲ್ಲಿಗೆ ಹೋಗಿ ಪ್ರಯೋಜನ ಕಮ್ಮಿ.

ಇನ್ನು 61 ಮೆಗಾಪಿಕ್ಸೆಲ್. ಕ್ರಾಪ್ ಮಾಡಲಿಕ್ಕೆ ಚಿನ್ನ. ಸೆನ್ಸರಿನ ನಡುಭಾಗ ಮಾತ್ರ ಬಳಸುವ ಎಪಿಎಸ್-ಸಿ ಮೋಡಿಗೆ ಹಾಕಿದರೆ 600 ಮಿಮೀ ಲೆನ್ಸ್ 900ರ ಹಾಗೆ ಕಾಣುತ್ತದೆ, ಆಗಲೂ 26 ಮೆಗಾಪಿಕ್ಸೆಲ್ ಉಳಿಯುತ್ತದೆ. ಹಕ್ಕಿಯ ಕಣ್ಣನ್ನು ಕ್ಯಾಮೆರಾ ತಾನೇ ಹುಡುಕಿ ಹಿಡಿಯುತ್ತದೆ. ಆದರೆ ಕೋಡಿಬೇಂಗ್ರೆಯ ಮರಳಿನ ಮೇಲೆ ದೂರ ಕೂತ ಕಡಲಕ್ಕಿಗಳನ್ನು ಬಿಸಿಲೇರಿದ ಮೇಲೆ ತೆಗೆದು ನೋಡಿ. ಮರಳು ಕಾದು ಗಾಳಿ ಕುಣಿಯುತ್ತಿರುತ್ತದೆ. ಫೋಕಸ್ ಸರಿಯಾಗಿಯೇ ಕೂತಿರುತ್ತದೆ, ಗರಿ ಮಾತ್ರ ಕರಗಿದ ಹಾಗೆ. ಇಷ್ಟು ಪಿಕ್ಸೆಲ್ ಇದ್ದರೆ ಆ ಕುಣಿತವೂ ಸ್ಪಷ್ಟವಾಗಿ ದಾಖಲಾಗುತ್ತದೆ, ಅಷ್ಟೇ! ಈ ಲೆನ್ಸಿಗಿಂತ ಹೆಚ್ಚು ದುಡ್ಡಿನದ್ದು ಹಾಕಿದರೂ ಅದೇ ಕಥೆ. ಬೆಳಗ್ಗೆ ಬೇಗ ಹೋಗಿ, ಹತ್ತಿರ ಹೋಗಿ. ಆದರೆ ಕಡಲ ಹದ್ದಿನ ಗೂಡಿದ್ದರೆ ಹತ್ತಿರ ಹೋಗಲೇಬೇಡಿ, 600 ಇರುವುದೇ ದೂರ ನಿಲ್ಲಲಿಕ್ಕೆ ಅಲ್ವಾ.

ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಹಾರುವ ಹಕ್ಕಿ ಬೇಡ, ಸೆನ್ಸರ್ ಓದುವುದು ನಿಧಾನ, ರೆಕ್ಕೆ ಬಾಗಿ ಬರುತ್ತದೆ. ಮೆಕ್ಯಾನಿಕಲ್‌ನಲ್ಲಿ ಸೆಕೆಂಡಿಗೆ 10 ಫೋಟೊ ಸಿಗುತ್ತದೆ, ನನಗೆ ಸಾಕು. 600ರಲ್ಲಿ ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಎಫ್/6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಹೆಬ್ರಿ ಕಡೆಯ ಕಾಡಿನ ಕತ್ತಲಲ್ಲಿ ಮಂಗಟ್ಟೆ ಹಕ್ಕಿಯ ಫೋಟೊ ತೆಗೆಯಲು ಐಎಸ್ಒ (ಬೆಳಕಿಗೆ ಸೂಕ್ಷ್ಮತೆ) 6400ಕ್ಕೆ ಏರಿಸಲೇಬೇಕು, ಗ್ರೇನ್ ಕಾಣುತ್ತದೆ. ಫೈಲುಗಳೂ ಭಾರ, ಹಳೆ ಲ್ಯಾಪ್‌ಟಾಪ್ ತಿಣುಕುತ್ತದೆ.

ಕೈಯಲ್ಲಿ ಈಗಾಗಲೇ 24 ಅಥವಾ 33 ಮೆಗಾಪಿಕ್ಸೆಲ್‌ನ ಸೋನಿ ಇದ್ದರೆ ಸದ್ಯಕ್ಕೆ ಲೆನ್ಸ್ ಮಾತ್ರ ತಗೊಳ್ಳಿ. ಜೊತೆಗೆ ಟ್ರೈಪಾಡಿಗೆ ಸಿಕ್ಕಿಸುವ ಆರ್ಕಾ ಪ್ಲೇಟ್ ಒಂದು. ಲೆನ್ಸಿನ ಕಾಲು ಆರ್ಕಾ ಟ್ರೈಪಾಡಿಗೆ ನೇರವಾಗಿ ಕೂರುವುದಿಲ್ಲ.